ಅಕ್ಕೋರ ಕಾರಿನ ಡಗ್ಗಾ

ಅಕ್ಕೋರು ತಮ್ಮ ಕಾರಿನ ಆ ಬೋಲ್ಟಿನ ಕೆಳಗೆ ವಿಭೂತಿ ಹಚ್ಚಿದ್ದನ್ನು ನಾನು ಕಣ್ಣಾರೆ ಕಂಡೆನೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ಕಂಡೆನೆಂದೇ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗ ಅವರ ಬೆರಳು, ಒದ್ದೆ ವಿಭೂತಿ, ಉಜ್ಜಿ ಬೆಳಗಿಸಿದ ತಗಡು ಎಲ್ಲವೂ ಕಣ್ಣ ಮುಂದೆ ಬರುತ್ತವೆ. ಆದರೆ ಆ ಹೊತ್ತಿನಲ್ಲಿ ನಾನು ಬಾನೆಟ್ಟಿನೊಳಗೆ ತಲೆ ತೂರಿಸಿಕೊಂಡಿದ್ದೆ ಎಂದು ಅಲ್ಲೇ ಇದ್ದ ಮಶಾಕ್ ಭಾಯಿ ಹೇಳುತ್ತಾರೆ. ಅಲ್ಲಿ ತಲೆಯಿಟ್ಟವನಿಗೆ ಹಿಂದಿನ ಸೀಟಿನಡಿ ನಡೆದದ್ದು ಕಾಣುವುದಿಲ್ಲ. ನಾನು ಇತಿಹಾಸದ ಪಾಠ ಮಾಡುವವನು. ಸಾಕ್ಷಿ ಎಲ್ಲಿ ನಿಂತಿದ್ದ ಅನ್ನುವುದನ್ನು ಮೊದಲು ಕೇಳಿ ಎಂದು ವಿದ್ಯಾರ್ಥಿಗಳಿಗೆ ಹೇಳಿಕೊಡುವವನು. ಅದೇ ಎಚ್ಚರವನ್ನು ನನ್ನ ಮೇಲೂ ಇಟ್ಟು ಮುಂದಿನದನ್ನು ಓದಿ.

ಅವರು ಹುಮನಾಬಾದದ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಆದರೆ ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಬರೀ ಅಕ್ಕೋರು ಅಂದರೆ ಇವರೊಬ್ಬರೇ. ಅವರದೊಂದು ಹಳೆಯ ಬಿಳಿ ಕಾರಿತ್ತು. ಅದನ್ನು ಅವರೇ ನಡೆಸಿಕೊಂಡು ದಿನಾ ಹುಮನಾಬಾದಕ್ಕೆ ಹೋಗುತ್ತಿದ್ದರು. ಅಲ್ಲಿನ ಕಾಲೇಜಿನಲ್ಲಿ ನನ್ನ ಕೆಲಸ, ಕೃಷಿ ಕಚೇರಿಯಲ್ಲಿ ಗುಮಾಸ್ತರಾಗಿ ಮಶಾಕ್ ಭಾಯಿಯ ಕೆಲಸ. ಹಾಗಾಗಿ ಮೂವರೂ ಜೊತೆ. ಮುಂದಿನ ಸೀಟು ಮಶಾಕ್ ಭಾಯಿಗೆ, ಅಕ್ಕೋರ ಬೆನ್ನ ಹಿಂದಿನದು ನನಗೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಸದಾ ಅವಲಕ್ಕಿ ಚೂಡಾ.

ಗೇರು ಬದಲಿಸುವ ಮೊದಲು ಅವರು ಬಳೆಗಳನ್ನು ಮೊಣಕೈಯತ್ತ ದೂಡಿಕೊಳ್ಳುತ್ತಿದ್ದರು, ರೊಟ್ಟಿ ಬಡಿಯಲು ಕೂತವರ ಹಾಗೆ. ಹೆದ್ದಾರಿಗೆ ಬಂದರೆ ಲಾರಿಗಳ ಜೊತೆ ಮಾತು.

"ಏ ಲಾರಿಯಪ್ಪಾ, ನಿನಗೂ ಮನಿ ಅದ, ನನಗೂ ಮನಿ ಅದ. ಜರಾ ಸರೀಯಪ್ಪಾ."

ಲಾರಿ ಸರಿಯುತ್ತಿತ್ತು. ಅದು ಸರಿದದ್ದು ಮಾತಿಗಲ್ಲ, ಹಾರ್ನಿಗೆ ಎಂದು ನಾನು ಒಮ್ಮೆ ಹೇಳಿದೆ. ಮರುದಿನ ಅವರು ಹಾರ್ನ್ ಒತ್ತಲೇ ಇಲ್ಲ, ಬರೀ ಮಾತಾಡಿದರು. ಲಾರಿ ಸರಿಯಿತು. "ಬರಕೋರಿ ಪುರಾವಿ ಸರ್," ಎಂದು ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ಮಾತುಮಾತಿಗೆ ಪುರಾವೆ ಕೇಳುತ್ತಿದ್ದುದಕ್ಕೆ ನನಗೆ ಅವರು ಕೊಟ್ಟ ಹೆಸರು ಅದು.

ಒಂದು ಬೆಳಿಗ್ಗೆ, ಊರು ದಾಟುತ್ತಿದ್ದ ಹಾಗೆ, ಹವೆಯ ವಿಷಯ ಹೇಳುವಷ್ಟೇ ಹಗುರಾಗಿ ಹೇಳಿದರು:

"ನನ್ನ ಕಿವಿ ನನಗಿಂತ ಮೊದ್ಲ ರಿಟೈರ್ ಆಗಾಕತ್ತಾವ್ರಿ."

ಮಶಾಕ್ ಭಾಯಿ ಚೂಡಾ ಅಗಿಯುವುದನ್ನು ನಿಲ್ಲಿಸಿದರು. "ಏನಂದ್ರು ಡಾಕ್ಟರು?"

"ಸಣ್ಣ ದನಿ ಹೋಗಾಕತ್ತಾವಂತ. ದಪ್ಪ ದನಿ ಇರ್ತಾವಂತ. ನೀವು ಮಾತಾಡಿದ್ದು ಕೇಳ್ತದ, ಸರ್ ಮಾತಾಡಿದ್ದು ಬಾಯಿ ನೋಡಿ ತಿಳೀಬೇಕು."

ನನ್ನ ದನಿ ತೆಳುವು. ಅಂದಿನಿಂದ ನಾನು ಕನ್ನಡಿಗೆ ಮುಖ ಕೊಟ್ಟು ಮಾತಾಡತೊಡಗಿದೆ.

ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದಿದ್ದರು. ಅದನ್ನು ಹಾಕಿಕೊಂಡರೆ ಇಡೀ ಶಾಲೆ ತಲೆಯೊಳಗೆ ಕೂತು ಪಾತ್ರೆ ತೊಳೆದ ಹಾಗಾಗುತ್ತದೆ ಎಂದು ಡಬ್ಬಿಯಲ್ಲೇ ಇಟ್ಟಿದ್ದರು. ಪಾಠಕ್ಕೆ ತೊಂದರೆಯಿರಲಿಲ್ಲ, ಮಕ್ಕಳ ತುಟಿ ಓದುವುದು ಅವರಿಗೆ ಆಗಲೇ ಅಭ್ಯಾಸವಾಗಿತ್ತು. ತೊಂದರೆ ಬಂದದ್ದು ತಾಳಕ್ಕೆ. ಪ್ರತಿ ಸೋಮವಾರ ಸಂಜೆ ನಮ್ಮ ಓಣಿಯ ಮಂಟಪದಲ್ಲಿ ಹೆಂಗಸರು ಕೂಡಿ ವಚನ ಹಾಡುತ್ತಾರೆ. ಮೊದಲಿನಿಂದಲೂ ಅಲ್ಲಿ ತಾಳ ಹಾಕುತ್ತಿದ್ದವರು ಅಕ್ಕೋರು. ತಾಳದ ಕಿಣಿಕಿಣಿಯೇ ಸಣ್ಣ ದನಿ. ತಮ್ಮ ಕೈಯಲ್ಲಿದ್ದದ್ದು ತಮಗೇ ಕೇಳದೆ ಅವರು ಜೋರಾಗಿ ಬಡಿಯತೊಡಗಿದ್ದರು. ಎರಡು ಸಲ ಹಾಡಿನ ಹಿಂದೆಯೂ ಬಿದ್ದಿದ್ದರು. ಬಳಗ ನಡೆಸುವ ಗೌರಕ್ಕ ಒಳ್ಳೆಯ ಹೆಂಗಸು, ಮೆತ್ತಗೇ ಹೇಳಿದರಂತೆ:

"ಅಕ್ಕೋರೇ, ನೀವು ಹಿಂದ ಕುಂತು ಆರಾಮ ಹಾಡ್ರಿ. ತಾಳ ಸುವರ್ಣಾನ ಕೈಯಾಗ ಕೊಡೋಣು."

"ಶ್ರಾವಣ ಆಗ್ಲಿ ಗೌರಕ್ಕ," ಅಂದರಂತೆ ಇವರು. "ಶ್ರಾವಣದ ಕಾರ್ಯಕ್ರಮದಾಗ ನಾ ತಪ್ಪಿದ್ರ ನಾನೇ ನನ್ನ ಕೈಯಾರೆ ಕೊಡ್ತೀನಿ."

ಹೀಗೆ ತಮ್ಮ ತಾಳವನ್ನು ತಾವೇ ಪಣಕ್ಕಿಟ್ಟು ಬಂದಿದ್ದರು. ಮರುದಿನ ಕಾರಿನಲ್ಲಿ ನಮಗೆ ಉಪಾಯ ಹೇಳಿದರು. ತಬಲಾದ ಜೋಡಿಯಲ್ಲಿ ಡಗ್ಗಾದ್ದು ದಪ್ಪ ದನಿ, ಅದು ತಮಗೆ ಇನ್ನೂ ಸಿಗುತ್ತದೆ. ಅದನ್ನೇ ಹಿಡಿದುಕೊಂಡು ತಾಳ ಹಾಕುವುದನ್ನು ಹೊಸದಾಗಿ ಕಲಿಯಬೇಕು. ಸೋಮವಾರದ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು. ಆದರೆ ಕಾರಿನ ಸ್ಪೀಕರಿನಲ್ಲಿ ಡಗ್ಗಾ ಬರುತ್ತಲೇ ಇರಲಿಲ್ಲ. ಅದಕ್ಕೊಂದು ಆಂಪ್ಲಿಫೈಯರ್, ಒಂದು ಬೇಸ್ ಬಾಕ್ಸ್ ಬೇಕು.

"ಮನಿಯಾಗ ಹಾಕ್ಕೋರಿ ಅಕ್ಕೋರೇ, ಕಾರಿನಾಗ ಯಾಕ?" ಅಂದರು ಮಶಾಕ್ ಭಾಯಿ.

"ಮನಿಯಾಗ ಹಾಕಿದ್ರ ಓಣಿಗೋಣಿ ಬೈತದ. ಕಾರಿನಾಗ ಬೈಯೋರು ನೀವಿಬ್ಬರೇ."

ಹುಮನಾಬಾದದಲ್ಲಿ ಕಾರಿಗೆ ಸೀಟ್ ಕವರು, ಟೇಪು, ಲೈಟು ಹಾಕಿಕೊಡುವ ಒಂದು ಅಂಗಡಿಗೆ ಮೂವರೂ ಹೋದೆವು. ಅಂಗಡಿಯವನು ಅಕ್ಕೋರನ್ನು ಬಿಟ್ಟು ನನ್ನೊಡನೆ ಮಾತು ಶುರುಮಾಡಿದ. ನನಗೇನೂ ಗೊತ್ತಿಲ್ಲವೆಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಬಾಕ್ಸ್ ಡಿಕ್ಕಿಯಾಗ ಬರ್ತದ್ರಿ ಮೇಡಂ."

"ಡಿಕ್ಕಿಯಾಗ ಬ್ಯಾಡಪ್ಪಾ. ನನ್ನ ಸೀಟಿನ ಹಿಂದ, ಬೆನ್ನಿಗೆ ಹತ್ತಿ ಇರಬೇಕು."

"ಬೆನ್ನಿಗೇನ್ರಿ? ಬೆನ್ನು ನೋವಿದ್ರ ಮಸಾಜ್ ಕುಶನ್ ಅದ ನೋಡ್ರಿ, ಛಲೋ ಅದ."

ಅಕ್ಕೋರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಸೀಟಿನ ಹಿಂದೆ ಬಾಕ್ಸ್ ಕೂಡಿಸಲು ಅವನು ಕೊನೆಗೂ ಒಪ್ಪಲಿಲ್ಲ. ತನ್ನ ಅಂಗಡಿಯ ಹೆಸರು ಕೆಡುತ್ತದೆ ಅಂದ. "ಸಾಮಾನು ಕೊಡಪ್ಪಾ ಹಂಗಾದ್ರ," ಅಂದರು ಅಕ್ಕೋರು. "ನಾವೇ ಹಾಕ್ಕೋತೀವಿ."

ನಾವೇ ಅಂದಾಗ ಮಶಾಕ್ ಭಾಯಿ ನನ್ನ ಮುಖ ನೋಡಿದರು.

ಭಾನುವಾರ ಅವರ ಮನೆಯ ಮುಂದಿನ ಬೇವಿನ ನೆರಳಿನಲ್ಲಿ ಕೆಲಸ ಶುರುವಾಯಿತು. ನಮ್ಮ ಗುರು ಫೋನಿನ ಒಂದು ಹಿಂದಿ ವಿಡಿಯೋ. ಅಕ್ಕೋರು ಅದನ್ನು ಮತ್ತೆ ಮತ್ತೆ ನಿಲ್ಲಿಸಿ, "ಕೆಲಸ ಬರೋಬ್ಬರಿ ಹೇಳ್ತಾನ, ಹಿಂದಿ ಮಾತ್ರ ಪೂರಾ ಕೆಡಿಸ್ಯಾನ," ಎಂದು ಅವನ ವಾಕ್ಯಗಳನ್ನು ತಿದ್ದಿ ನಮಗೆ ಹೇಳುತ್ತಿದ್ದರು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಬೇಕು. ಪ್ಲಸ್ಸಿನಿಂದ ದಪ್ಪ ಕೆಂಪು ವೈರು ಹೊರಟು, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು ದಾಟಿ, ಇಂಜಿನ್ನಿನ ಹಿಂದಿನ ತಗಡಿನಲ್ಲಿರುವ ರಬ್ಬರಿನ ತೂತಿನಿಂದ ಕಾರಿನೊಳಗೆ ಬರಬೇಕು. ಅದು ನನ್ನ ಪಾಲಿನ ಕೆಲಸ. ವೈರು ಒಳಗೆ ಹೋಯಿತು, ನನ್ನ ಕೈ ಹೊರಗೆ ಬರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಎಳೆದರು.

ಕೆಂಪು ವೈರು ಒಂದು ಬದಿಯಿಂದ ಬಂದರೆ ಟೇಪಿನಿಂದ ಬರುವ ದನಿಯ ವೈರು ಇನ್ನೊಂದು ಬದಿಯಿಂದ ಹೋಗಬೇಕು, ಎರಡನ್ನೂ ಕೂಡಿಸಬಾರದು ಎಂದು ವಿಡಿಯೋದವನು ಹೇಳಿದ್ದ. ಆದರೆ ಆ ಬದಿಯ ಪ್ಲಾಸ್ಟಿಕ್ ಪಟ್ಟಿ ಏನು ಮಾಡಿದರೂ ಏಳಲಿಲ್ಲ.

"ಅಣ್ಣತಮ್ಮಂದಿರಂಗ ಕೂಡೇ ಹೋಗ್ಲಿ ಬಿಡ್ರಿ," ಎಂದು ಅಕ್ಕೋರು ತೀರ್ಪು ಕೊಟ್ಟರು.

"ಅಣ್ಣತಮ್ಮರು ಕೂಡಿದ್ರ ಗದ್ದಲಾನೇ ಆಗೂದು ಅಕ್ಕೋರೇ," ಅಂದರು ಮಶಾಕ್ ಭಾಯಿ. ಅವರಿಗೆ ನಾಲ್ವರು ತಮ್ಮಂದಿರು.

ಆಂಪ್ಲಿಫೈಯರು ಮಶಾಕ್ ಭಾಯಿಯ ಸೀಟಿನಡಿ ಕೂತಿತು. ಬಾಕ್ಸು ಅಕ್ಕೋರ ಬೆನ್ನ ಹಿಂದೆ, ಅಂದರೆ ನನ್ನ ಕಾಲಿರುವ ಜಾಗದಲ್ಲಿ. ಕೊನೆಗೆ ಉಳಿದದ್ದು ಕಪ್ಪು ವೈರು. ಅದನ್ನು ಹಿಂದಿನ ಸೀಟಿನಡಿ ಕಾರಿನ ಮೈಗೇ ಬಿಗಿಯಬೇಕು. ಬಣ್ಣದ ಮೇಲೆ ಬಿಗಿದರೆ ನಡೆಯದು, ಉಪ್ಪುಕಾಗದದಿಂದ ಬಣ್ಣ ಉಜ್ಜಿ ತೆಗೆದು, ತಗಡು ಹೊಳೆಯುವ ಹಾಗೆ ಮಾಡಿ ಬೋಲ್ಟು ಕೂಡಿಸಬೇಕು. ಮಶಾಕ್ ಭಾಯಿ ಉಜ್ಜಿದರು. ಅಕ್ಕೋರು ಬಗ್ಗಿ ನೋಡಿ, "ಬೋಳು ಹಣಿ ಇದ್ದಂಗ ಕಾಣ್ತದಲ್ರಿ," ಎಂದು ಒಳಗೆ ಹೋಗಿ ವಿಭೂತಿ ತೇಯ್ದು ತಂದು ಮೂರು ಬೆರಳಿನಿಂದ ಎಳೆದರಂತೆ. ಅದರ ಮೇಲೆ ವೈರಿನ ಉಂಗುರ, ಉಂಗುರದ ಮೇಲೆ ಬೋಲ್ಟು. ಹೊಸ ಸಾಮಾನು ಮನೆಗೆ ಬಂದರೆ, ಅದು ಹಿಟ್ಟಿನ ಗಿರಣಿಯಿರಲಿ ಫ್ರಿಜ್ಜಿರಲಿ, ಹಣೆಗೆ ಹಚ್ಚದೆ ಶುರು ಮಾಡುವ ರೂಢಿ ನಮ್ಮಲ್ಲಿಲ್ಲ. ಆದರೆ ಫ್ರಿಜ್ಜಿನ ಹಣೆ ಹೊರಗಿರುತ್ತದೆ.

ಹಾಡು ಹಚ್ಚಿದೆವು. ಅಕ್ಕೋರು ಡ್ರೈವರ್ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಡಗ್ಗಾದ ಮೊದಲ ಪೆಟ್ಟು ಬಿದ್ದಾಗ ಸೀಟು ಅದುರಿತು.

"ಬಂತು," ಅಂದರು.

ಆಮೇಲೆ ಇಂಜಿನ್ ಚಾಲೂ ಮಾಡಿದರು. ಹಾಡಿನ ಮೇಲೊಂದು ಕುಂಯ್ಯ್ ಎನ್ನುವ ತೆಳ್ಳಗಿನ ಗೋಳು ಎದ್ದಿತು. ಆಕ್ಸಿಲರೇಟರ್ ಒತ್ತಿದರೆ ಗೋಳು ಮೇಲೇರುತ್ತಿತ್ತು, ಬಿಟ್ಟರೆ ಇಳಿಯುತ್ತಿತ್ತು. ಹಲ್ಲು ಜುಂ ಅನ್ನುವಂಥ ದನಿ. ಅಕ್ಕೋರು ನಮ್ಮತ್ತ ತಿರುಗಿ ಮುಖ ಅರಳಿಸಿಕೊಂಡು ಹೇಳಿದರು:

"ಎಷ್ಟು ಸ್ವಚ್ಛ ಅದ ನೋಡ್ರಿ! ಜರಾನೂ ಗದ್ದಲಿಲ್ಲ."

ನಾನೂ ಮಶಾಕ್ ಭಾಯಿಯೂ ಮುಖಮುಖ ನೋಡಿಕೊಂಡೆವು. ಮರುದಿನ ಹುಮನಾಬಾದದವರೆಗೆ ಆ ಗೋಳನ್ನು ಕೇಳಿಕೊಂಡೇ ಹೋದೆವು. ಪ್ರತಿ ಗೇರಿಗೂ ಅದು ಹೊಸದಾಗಿ ಏಳುತ್ತಿತ್ತು. ಮುಂದಿನ ಸೀಟಿನಲ್ಲಿ ಅಕ್ಕೋರು ಡಗ್ಗಾ ಬಿದ್ದಲ್ಲೆಲ್ಲ ಉಂಗುರದ ಬೆರಳಿನಿಂದ ಸ್ಟೀರಿಂಗಿಗೆ ಟಕ್ ಎಂದು ತಾಳ ಹಾಕುತ್ತಿದ್ದರು, ಎಲ್ಲೂ ಬಿಡುತ್ತಿರಲಿಲ್ಲ. ಅವರ ಖುಷಿಗೆ ಅಡ್ಡ ಬರಲು ನನಗೆ ಮನಸ್ಸಾಗಲಿಲ್ಲ. ವಾಪಸ್ ಬರುವಾಗ ಮಶಾಕ್ ಭಾಯಿಗೆ ತಡೆಯಲಾಗಲಿಲ್ಲ.

"ಅಕ್ಕೋರೇ, ಸಿಟ್ಟಾಗಬ್ಯಾಡ್ರಿ. ಗಾಡಿ ಅಳಾಕತ್ತದ."

"ಎಲ್ಲಿ?"

"ಸ್ಪೀಕರಿನಾಗ್ರಿ. ನಿನ್ನೆಯಿಂದ."

ಅವರು ಕಾಲು ಸಡಿಲಿಸಿದರು. "ಈಗ?"

"ಕಡಿಮಿ ಆತು."

ಒತ್ತಿದರು. "ಈಗ?"

"ಹೆಚ್ಚಾತು."

ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ನನ್ನನ್ನು ಮುಂದೆ ಕೂಡಿಸಿ ಆಕ್ಸಿಲರೇಟರ್ ಒತ್ತಲು ಹೇಳಿ, ತಾವು ಹೊರಗೆ ನಿಂತು ಬಾಗಿಲಿನ ಸ್ಪೀಕರಿಗೆ ಕಿವಿ ಹಚ್ಚಿದರು. ಡಾಕ್ಟರ ಹತ್ತಿರ ಮಾಡುವ ಹಾಗೆ, ಕೇಳಿದರೆ ಬೆರಳೆತ್ತುತ್ತೇನೆ ಎಂದರು. ನಾನು ಒತ್ತಿದೆ. ಗೋಳು ಏರಿತು. ದಾರಿಯಲ್ಲಿ ಹೋಗುತ್ತಿದ್ದ ಮೇಕೆಯೊಂದು ತಿರುಗಿ ನೋಡಿತು ಎಂದು ನನ್ನ ನೆನಪು, ಇದನ್ನೂ ನಾನೇ ಸೇರಿಸಿರಬಹುದು. ಬೆರಳು ಮಾತ್ರ ಏಳಲಿಲ್ಲ. ಅದು ಏಳಲಿಲ್ಲವೆಂಬುದು ಖಚಿತ, ಯಾಕೆಂದರೆ ನಾನು ನೋಡುತ್ತಿದ್ದುದು ಅದೊಂದನ್ನೇ.

"ಡಾಕ್ಟರ್ ಹೇಳಿದ್ದಕ್ಕಿಂತ ಭಾಳ ಹೋಗ್ಯಾವ," ಎಂದರು, ಸೆರಗಿನಿಂದ ಕಿವಿ ಒರೆಸಿಕೊಂಡು. ಆಮೇಲೆ ಬಂದು ಕೂತು ಬಳೆ ದೂಡಿಕೊಂಡರು. "ಇರ್ಲಿ. ನಮ್ಮ ಹೆಡ್‌ಮಾಸ್ತರ ದನೀನೂ ಇದೇ ನಮೂನಿ ಅದ. ಇನ್ನ ಮೀಟಿಂಗಿನಾಗ ಕಷ್ಟ ಇಲ್ಲ."

ಆ ಸಂಜೆಯೇ, ಮಂಟಪದ ಹಾಡು ಮುಗಿದ ಮೇಲೆ, ಸೀಟು ಎಬ್ಬಿಸಿದೆವು. ಕಪ್ಪು ವೈರಿನ ಬೋಲ್ಟಿನಡಿ ಬೂದಿಯಿದ್ದರೆ ಕರೆಂಟು ಹೇಗೆ ದಾಟೀತು ಎಂದು ನಾನು.

"ಕೇಳೋದು ನಿಮಗ," ಅಂದರು ಅಕ್ಕೋರು. "ನಿಮ್ಮ ಕಿವೀನೇ ತೋರಿಸ್ಕೋರಿ, ವಿಭೂತಿ ಒರೆಸಂಗಿಲ್ಲ."

"ವಿಭೂತಿ ಬ್ಯಾಡ ಅನ್ನಾಕತ್ತಿಲ್ರಿ. ಕೆಳಗ ಬ್ಯಾಡ ಅನ್ನಾಕತ್ತೀನಿ."

ರಾಜಿ ಮಾಡಿಸಿದವರು ಮಶಾಕ್ ಭಾಯಿ. "ತಲಿ ಮ್ಯಾಲ ಹಚ್ಚೋದು ಪಾದದ ಕೆಳಗ ಹಚ್ಚಿರೇನ್ರಿ ಅಕ್ಕೋರೇ? ಬೋಲ್ಟಿನ ಮ್ಯಾಲ ಹಚ್ರಿ, ಅದರ ಹಣಿ ಅದೇ ಅಲ್ಲ?"

ಅಕ್ಕೋರು ಯೋಚಿಸಿ ಒಪ್ಪಿದರು. ತಗಡು ಒರೆಸಿ, ಬಿಗಿದು, ಬೋಲ್ಟಿನ ತಲೆಗೆ ವಿಭೂತಿ ಇಟ್ಟೆವು. ಅದೇ ಹೊತ್ತಿಗೆ ಏಳದಿದ್ದ ಪ್ಲಾಸ್ಟಿಕ್ ಪಟ್ಟಿಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ ದನಿಯ ವೈರನ್ನು ಆಚೆ ಬದಿಗೆ ಹಾಕಿದೆವು. ಗೋಳು ನಿಂತಿತು. ನಿಂತದ್ದು ಬೂದಿ ಹೋದದ್ದರಿಂದಲೋ, ವೈರು ಬೇರೆಯಾದದ್ದರಿಂದಲೋ? ಎರಡನ್ನೂ ಒಟ್ಟಿಗೇ ಬದಲಿಸಿದವರಿಗೆ ಯಾವುದೂ ತಿಳಿಯುವುದಿಲ್ಲ. ಒಂದನ್ನು ಮತ್ತೆ ಮೊದಲಿನಂತೆ ಮಾಡಿ ನೋಡೋಣ ಎಂದೆ. ಇಬ್ಬರೂ ನನ್ನನ್ನು ಹೊಡೆಯಲು ಬಂದರು.

ಶ್ರಾವಣದವರೆಗೆ ನಮ್ಮ ಪ್ರಯಾಣವೆಲ್ಲ ಡಗ್ಗಾದ ಮೇಲೆ ನಡೆಯಿತು. ಚಹಾಕ್ಕೆ ನಿಂತಲ್ಲಿ ಲಾರಿಯವರು ಧಡ್ ಧಡ್ ಕೇಳಿ ಸಿನಿಮಾ ಹಾಡೆಂದು ಬಗ್ಗಿ ನೋಡಿ, ಒಳಗಿಂದ ಹೆಂಗಸರ ವಚನ ಬರುವುದನ್ನು ಕೇಳಿ ಬೀಡಿ ಹಿಂದಕ್ಕೆ ಮರೆಸುತ್ತಿದ್ದರು. ನನ್ನ ಮೊಣಕಾಲುಗಳಿಗೆ ಆ ವಚನಗಳು ಇವತ್ತಿಗೂ ಬಾಯಿಪಾಠ.

ಒಂದು ದಿನ ಅಕ್ಕೋರು ತಟ್ಟನೆ ಹೇಳಿದರು: "ಇದು ಕಿವಿ ಕೇಳೋದಲ್ರಿ. ಕುಂತ ಜಾಗ ಕೇಳ್ತದ."

ಹೇಳಿದ ಮೇಲೆ ಅವರಿಗೇ ಫಿಕರ್ ಹತ್ತಿತು. ಮಂಟಪದಲ್ಲಿ ಕೂರುವುದು ಶಾಬಾದಿ ಕಲ್ಲಿನ ಮೇಲೆ, ಅದರ ಮೇಲೊಂದು ಜಮಖಾನ. ಕಲ್ಲು ಏನನ್ನೂ ಹೇಳುವುದಿಲ್ಲ. ಹಾಗಾಗಿ ತಬಲಾದವರಿಗೂ ತಮಗೂ ಕೂಡಿ ಕೂರಲು ಒಂದು ಮರದ ತಖತ್, ಹಲಗೆಯ ಮಂಚ, ಹಾಕಿಸಬೇಕೆಂದು ಹಟ ಹಿಡಿದರು.

"ಎಲ್ಲಾರೂ ಕೆಳಗ ಕುಂತಿರ್ತೀವಿ, ನೀವು ಮ್ಯಾಲ ಕುಂದ್ರೂದು ಚಂದ ಕಾಣ್ತದೇನ್ರಿ?" ಎಂದು ಗೌರಕ್ಕ ಕೇಳಿದರಂತೆ. ಬಸವಕಲ್ಯಾಣದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳುವುದು ಸುಲಭವಲ್ಲ.

"ಸೊಂಟ ಹಿಡದದ ಗೌರಕ್ಕ," ಎಂದು ಸುಳ್ಳು ಹೇಳಿ ಅಕ್ಕೋರು ತಖತ್ ಗಿಟ್ಟಿಸಿದರು. ಟೆಂಟ್ ಹೌಸಿನಿಂದ ಅದು ಬಂತು. ಕಾರ್ಯಕ್ರಮದ ಹಿಂದಿನ ಸಂಜೆ ಮಶಾಕ್ ಭಾಯಿಯನ್ನು ಅದರ ಮೇಲೆ ಒಂದು ತುದಿಗೆ ಕೂಡಿಸಿ, ಹಲಗೆಗೆ ಗುದ್ದಿಸಿ, ಇನ್ನೊಂದು ತುದಿಗೆ ತಾವು ಕೂತು ಪರೀಕ್ಷೆ ಮಾಡಿದರು. "ಬಂತು," ಅಂದರು.

ಕಾರ್ಯಕ್ರಮದ ಸಂಜೆ ಮಂಟಪ ತುಂಬಿತ್ತು. ತಬಲಾಕ್ಕೆ ಕೊಹಿನೂರ ಎಂಬ ಹಳ್ಳಿಯಿಂದ ಒಬ್ಬ ಟೇಲರ್ ಬಂದಿದ್ದ. ಬಳಗಕ್ಕೆ ಹೊಸಬ, ಕೈ ಚೆನ್ನಾಗಿತ್ತು. ಅಕ್ಕೋರು ಅವನ ಪಕ್ಕದಲ್ಲಿ ನೆಟ್ಟಗೆ ಕೂತಿದ್ದರು. ಮೊದಲ ಹಾಡುಗಳು ಸುಸೂತ್ರ ಹೋದವು. ತಾಳ ಮೆತ್ತಗಿತ್ತು, ಸರಿಯಾಗಿತ್ತು. ಗೌರಕ್ಕ ಎರಡು ಸಲ ತಿರುಗಿ ಅವರನ್ನು ನೋಡಿ ತಲೆದೂಗಿದರು. ಮೂರನೆಯದೋ ನಾಲ್ಕನೆಯದೋ ಹಾಡಿನ ನಡುವೆ ಮೈಕು ಒಮ್ಮೆಲೇ ಕೀಂ ಎಂದು ಕಿರುಚಿತು. ಜನ ಕಿವಿ ಮುಚ್ಚಿಕೊಂಡರು. ಯಾರೋ ಎದ್ದು ಮೈಕಿನ ಕಡೆ ಓಡಿದರು. ಕಿರುಚು ನಿಂತು ಹಾಡು ಮತ್ತೆ ಕೇಳಿದಾಗ ತಬಲಾ ಒಂದು ಕಡೆ, ತಾಳ ಒಂದು ಕಡೆ.

ಮಂಟಪದಲ್ಲಿದ್ದವರೆಲ್ಲ ಅಕ್ಕೋರನ್ನು ನೋಡಿದರು. ಅವರ ಕಿವಿಯ ಸಂಗತಿ ಆ ಹೊತ್ತಿಗೆ ಓಣಿಗೆಲ್ಲ ಗೊತ್ತಿತ್ತು. ಚ್ಚ್ ಚ್ಚ್ ಎಂದು ನನ್ನ ಪಕ್ಕದವರು ಲೊಚಗುಟ್ಟಿದರು. ಗೌರಕ್ಕ ದನಿ ಏರಿಸಿ ಹಾಡನ್ನು ಎಳೆದುಕೊಂಡು ಹೋದರು, ಸಾಲು ಮುಗಿಯುವುದರೊಳಗೆ ಎಲ್ಲ ಕೂಡಿಕೊಂಡಿತು. ಮಂಗಳಾರತಿಯ ನಂತರ ಅಕ್ಕೋರು ಎದ್ದು ಹೋಗಿ, ಯಾರೂ ಕೇಳುವ ಮೊದಲೇ, ತಾಳವನ್ನು ಸುವರ್ಣಾಳ ಕೈಯಲ್ಲಿಟ್ಟರು.

ಮರುದಿನ ಕಾರಿನಲ್ಲಿ ಹಾಡು ಹಚ್ಚಲಿಲ್ಲ. ಊರು ದಾಟಿದ ಮೇಲೆ ಅವರೇ ಮಾತೆತ್ತಿದರು.

"ನಾ ತಪ್ಪಿಲ್ರಿ. ತಬಲಾ ಜಿಗೀತು. ಹಲಗ್ಯಾಗ ಗೊತ್ತಾತು ನನಗ."

"ಮತ್ತ ಅಲ್ಲೇ ಹೇಳಬೇಕಿತ್ತಲ್ರಿ!" ಅಂದರು ಮಶಾಕ್ ಭಾಯಿ. "ತಾಳ ಯಾಕ ಕೊಟ್ರಿ?"

"ಏನಂತ ಹೇಳ್ಲಿ? ಅಂವ ಹೊಸದಾಗಿ ಬರಾಕತ್ತಾನ. ಮೊದಲ್ನೇ ಶ್ರಾವಣದಾಗೇ ಹೆಸರು ಕೆಟ್ರ ಮುಂದ ಯಾರು ಕರೀತಾರ ಅವನ್ನ? ನನ್ನ ಕಿವಿ ಹೆಸರು ಹ್ಯಾಂಗೂ ಕೆಟ್ಟದ." ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಪುರಾವಿ ಸರ್ ಸುಮ್ನ ಕುಂತಾರ. ನಂಬಂಗಿಲ್ಲ ಅವ್ರು."

ನಾನು ನಂಬಿರಲಿಲ್ಲ. ಪಣಕ್ಕಿಟ್ಟದ್ದನ್ನು ಕಳೆದುಕೊಂಡವರ ಹೇಳಿಕೆ ಅದು, ತೂಕ ಮಾಡಿಯೇ ತೆಗೆದುಕೊಳ್ಳಬೇಕು. ನನ್ನ ಕಿವಿಗೆ ಕೇಳಿದ್ದೂ ತಾಳ ದಾರಿ ತಪ್ಪಿದಂತೆಯೇ. ಆದರೆ ಎಲ್ಲರೂ ಅವರತ್ತ ನೋಡಿದ ಮೇಲೆ ಕೇಳಿತೋ ಮೊದಲೇ ಕೇಳಿತೋ, ಹೇಳಲಾರೆ.

ಆಮೇಲೆ ಅವರು ಸೋಮವಾರ ಹಿಂದಿನ ಸಾಲಿನಲ್ಲಿ ಕೂತು ಹಾಡಿದರು. ಮುನಿಸಿಲ್ಲ, ದೂರಿಲ್ಲ. ಕಾರಿನಲ್ಲಿ ಮಾತ್ರ ಡಗ್ಗಾ ಮತ್ತೆ ಶುರುವಾಯಿತು, ಉಂಗುರದ ಟಕ್ ಕೂಡ. ನಿವೃತ್ತಿಯಾದ ದಿನ ಶಾಲೆಯವರು ಶಾಲು ಹೊದೆಸಿ ಮೈಕಿನಲ್ಲಿ ಬಹಳ ಹೊಗಳಿದರಂತೆ. "ಏನಂದ್ರೋ ತಿಳೀಲಿಲ್ಲ, ಎಲ್ಲಾರೂ ಅಳಾಕತ್ತಿದ್ರು, ಹಂಗಾಗಿ ಛಲೋ ಅಂದಿರಬೇಕು," ಎಂದು ಚೂಡಾ ಹಂಚಿದರು.

ಹೋದ ವರ್ಷ, ಎರಡೇ ದಿನದ ಜ್ವರದಲ್ಲಿ, ತೀರಿಕೊಂಡರು. ಕಾರನ್ನು ಅವರ ಯಜಮಾನರು ನಿರ್ಣಾ ಊರಿನ ಒಬ್ಬರಿಗೆ ಕೊಟ್ಟರು. ಮಂಟಪದಲ್ಲಿ ಕೂಡಿದಾಗ ಗೌರಕ್ಕ ಕಣ್ಣೀರು ತಂದುಕೊಂಡು ಹೇಳಿದರು: "ಇಷ್ಟು ವರ್ಷದಾಗ ದೊಡ್ಡ ಕಾರ್ಯಕ್ರಮದಾಗ ಒಂದೇ ಸಲ ತಪ್ಪಿದ್ರು ನೋಡ್ರಿ. ಅವತ್ತೇ ತಾಳ ಬಿಟ್ಟುಕೊಟ್ರು. ಎಂಥಾ ಮನಸ್ಸು!" ಎಲ್ಲರೂ ಹೌದೆಂದರು. ಊರಿನ ಲೆಕ್ಕದಲ್ಲಿ ಅದು ಹಾಗೆಯೇ ಉಳಿಯಿತು.

ಮೊನ್ನೆ ಮಶಾಕ್ ಭಾಯಿ ಫೋನು ಬದಲಿಸಿದರು. ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಹಾಕಿಸುವಾಗ ಆ ಸಂಜೆಯ ವಿಡಿಯೋ ಸಿಕ್ಕಿತೆಂದು ನನಗೆ ಕಳಿಸಿದರು. ತಖತ್ತಿನ ಪಕ್ಕದ ಕಂಬಕ್ಕೆ ಒರಗಿ ತೆಗೆದದ್ದು. ಕಿರುಚು ಅದರಲ್ಲಿದೆ, ಅದರ ಮುಂದಿನದೂ ಇದೆ. ಇಯರ್‌ಫೋನ್ ಹಾಕಿಕೊಂಡು, ಮೇಜಿಗೆ ಬೆರಳು ಬಡಿಯುತ್ತ ಕೇಳಿದೆ. ನನಗೊಂದು ಕೇಳಿತು, ಆದರೆ ಈಗ ನನ್ನ ಮನಸ್ಸು ಯಾರ ಕಡೆಗಿದೆ ಎಂಬುದು ನನಗೆ ಗೊತ್ತು. ಅದಕ್ಕೆ ಹುಮನಾಬಾದದಲ್ಲಿ ತಬಲಾ ಕಲಿಸುವ ಒಬ್ಬರ ಹತ್ತಿರ ಹೋದೆ. ಅವರಿಗೆ ನಮ್ಮ ಓಣಿಯ ಯಾರೂ ಗೊತ್ತಿಲ್ಲ. ಏನೂ ಹೇಳದೆ ಬರೀ ದನಿ ಕೇಳಿಸಿದೆ. ಮೈಕು ಕಿರುಚಿದಲ್ಲಿ ಅವರು ಮುಖ ಹಿಂಡಿದರು, ಕೈಯಲ್ಲಿ ಎಣಿಸಿದರು, ಇನ್ನೊಮ್ಮೆ ಹಾಕಲು ಹೇಳಿದರು. ಮತ್ತೆ ಎಣಿಸಿದರು.

ಕಿರುಚು ಬಂದಾಗ ತಬಲಾದವನ ಕೈ ಬೆಚ್ಚಿ ಒಂದು ಮಾತ್ರೆ ಬಿಟ್ಟಿದೆ. ತಾಳ ಎಲ್ಲೂ ಅಲುಗಿಲ್ಲ. ಸಾಲಿನ ಕೊನೆಗೆ ತಬಲಾ ಬಂದು ತಾಳವನ್ನು ಕೂಡಿಕೊಂಡಿದೆ.